ಎರಡು ಹಕ್ಕಿ, ಒಂದೇ ಪೆಟ್ಟಿಗೆ

ಮಾರ್ಚ್ 7, ಶನಿವಾರ

ಇಪ್ಪತ್ತಮೂರು ಗಿಫ್ಟ್ ಪ್ಯಾಕಿಂಗ್. ಒಂದರಲ್ಲೂ ಟೇಪ್ ಹೊರಗೆ ಕಾಣುವುದಿಲ್ಲ. ಎಡಗಡೆಯ ಮಡಿಕೆ ಬಲಗಡೆಯದರ ಮೇಲೆ ಕೂರಬೇಕು, ಅದು ನನ್ನ ಜಂಬ. ಕಾಗದದ ಅಂಚು ಕೊಯ್ದು ಬೆರಳು ಉರಿಯುತ್ತಿದೆ.

ಅಂಗಡಿ ಯಜಮಾನಿಯವರ ಹೊಸ ಹುಕುಂ. ಕಂಪನಿಯ ಪೆಟ್ಟಿಗೆ ಹಾಗೇ ಕೊಡುವ ಹಾಗಿಲ್ಲ. ನಮ್ಮ ಬೂದು ಪೆಟ್ಟಿಗೆಗೆ ಹಾಕಬೇಕು. ಸ್ಟಿಕರ್ ಎಲ್ಲ ಕೀಳಬೇಕು. "ಇಷ್ಟು ಚೆಂದದ ಹಕ್ಕಿ ಹೊಟ್ಟೆ ಮೇಲೆ ಆ ಹಳದಿ ಚೀಟಿ ಯಾಕೆ? ಕಣ್ಣಿಗೆ ಚುಚ್ಚುತ್ತೆ. ನಮ್ಮಲ್ಲಿ ಡಿಸೈನ್ ಮುಖ್ಯ ಕಣಮ್ಮಾ." ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಉಗುರಿನಲ್ಲಿ ಎತ್ತುತ್ತೇನೆ. ಗುರುತೂ ಉಳಿಯುವುದಿಲ್ಲ.

ಈಗ ಎಲ್ಲರಿಗೂ ಮರದ ಹಕ್ಕಿಯೇ ಬೇಕು. ಎರಡು ಬಗೆ. ಮಕ್ಕಳದ್ದು ಗಟ್ಟಿ ಮರ, ತೂಗಾಡುತ್ತದೆ. ದೊಡ್ಡವರದ್ದು ಆಫೀಸ್ ಮೇಜಿಗೆ. ಹೊಟ್ಟೆ ತಿರುಗಿಸಿದರೆ ಹನ್ನೆರಡು ಮ್ಯಾಗ್ನೆಟ್ ಗುಂಡು, ಬೋರ್ಡಿಗೆ ಚೀಟಿ ಅಂಟಿಸಲು. ಹೊರಗಿನಿಂದ ಅವಳಿ ಜವಳಿ.

ಇವತ್ತು ಉಳಿದದ್ದು ಬಗೆಗೊಂದರಂತೆ ಎರಡೇ, ಹೊಸ ಸ್ಟಾಕ್ ಸೋಮವಾರ. ಒಂದನ್ನು ಆಫೀಸಿನವನೊಬ್ಬ ಮ್ಯಾನೇಜರ್‌ಗೆಂದು ಒಯ್ದ. ಇನ್ನೊಂದನ್ನು ಒಬ್ಬರು ಅಜ್ಜಿ. ಕೊರಳಲ್ಲಿ ಅಳತೆ ಟೇಪು, ಸೆರಗಿನಲ್ಲಿ ಸಾಲು ಪಿನ್ನು. ರಿಬ್ಬನ್ ಕೂಡ ತಾವೇ ಹೊಲಿದು ತಂದಿದ್ದರು, ಹಸಿರು ಪಟ್ಟೆಯ ಬಟ್ಟೆ. "ಗಂಟು ಬೇಡಮ್ಮಾ. ಮಗು ಎಳೆದರೆ ಬಿಚ್ಚಿಕೋಬೇಕು. ಬರೋ ಶನಿವಾರಕ್ಕೆ ವರ್ಷ ತುಂಬುತ್ತೆ."

ಅಷ್ಟರಲ್ಲಿ ತಂಗಿ ಫೋನು. ಅವಳ ನಾದಿನಿಗೆ ಏನು ಕೊಡುವುದು, ಐಡಿಯಾ ಬೇಕಂತೆ. ಊರಿಗೆಲ್ಲ ಐಡಿಯಾ ನಾನೇ ಕೊಡಬೇಕು. ಫೋನನ್ನು ಕೆನ್ನೆಗೂ ಹೆಗಲಿಗೂ ಸಿಕ್ಕಿಸಿಕೊಂಡೇ ಎರಡನ್ನೂ ಮುಗಿಸಿದೆ.


ಮಾರ್ಚ್ 11, ಬುಧವಾರ

ಆಫೀಸಿನವನು ವಾಪಸ್ ಬಂದ. ನಗು ತಡೆಯಲಾಗದೆ.

"ಮೇಡಂ, ನಮ್ಮ ಮ್ಯಾನೇಜರ್‌ಗೆ ಮಕ್ಕಳ ಆಟಿಕೆ ಕಳಿಸಿಬಿಟ್ಟಿದೀರಿ! ಹೊಟ್ಟೆ ತಿರುಗಿಸಿ ತಿರುಗಿಸಿ ಸಾಕಾಯ್ತು ಅವರಿಗೆ. ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು."

ಯಜಮಾನಿಯೂ ನಕ್ಕರು. ಬೇರೆ ಹಕ್ಕಿ ಕೊಡಿಸಿದರು, ಜೊತೆಗೊಂದು ಮೇಣದಬತ್ತಿ. ನಾನೂ ನಕ್ಕೆ. ಆಮೇಲೆ ಹೊಳೆಯಿತು.

ಮಕ್ಕಳ ಹಕ್ಕಿ ಆಫೀಸಿಗೆ ಹೋಗಿದ್ದರೆ ಅಜ್ಜಿಯ ಪೆಟ್ಟಿಗೆಯಲ್ಲಿ ಇರುವುದು...

ಕಿತ್ತ ಸ್ಟಿಕರ್‌ಗಳನ್ನು ಒಂದು ರಟ್ಟಿಗೆ ಮೆತ್ತಿಡುವುದು ನನ್ನ ಅಭ್ಯಾಸ. ಹಳದಿಯದನ್ನು ಮೊದಲ ಸಲ ಪೂರ್ತಿ ಓದಿದೆ. ಒಂದಕ್ಕಿಂತ ಹೆಚ್ಚು ಗುಂಡು ನುಂಗಿದರೆ ಅವು ಹೊಟ್ಟೆಯೊಳಗೆ ಒಂದನ್ನೊಂದು ಎಳೆಯುತ್ತವಂತೆ. ಕರುಳು ತೂತಾಗಬಹುದಂತೆ. ಎಷ್ಟು ಸಣ್ಣ ಅಕ್ಷರ.

ಯಜಮಾನಿಗೆ ಹೇಳಿದೆ.

"ಅಜ್ಜಿ ನಂಬರ್ ಇದೆಯಾ?"

"ಇಲ್ಲ."

"ಹೆಸರು?"

"ಕೇಳಲಿಲ್ಲ."

"ಮತ್ತೇನು ಮಾಡೋಕಾಗುತ್ತೆ? ಅವರಿಗೇ ಗೊತ್ತಾಗಿ ತಂದುಕೊಡ್ತಾರೆ ಬಿಡು. ಸ್ಟಿಕರ್ ವಿಷಯ ಮಾತ್ರ ಎಲ್ಲೂ ಬಾಯಿ ಬಿಡಬೇಡ."

ತೂಕದಲ್ಲೇ ಗೊತ್ತಾಗಬೇಕಿತ್ತು ನನಗೆ. ಆರು ವರ್ಷದಿಂದ ಇದೇ ಕೆಲಸ. ಕೈಗೆ ಗೊತ್ತಾಗಬೇಕಿತ್ತು.

ಚಿಂದಿ ಡಬ್ಬಿಯಲ್ಲಿ ಹಸಿರು ಪಟ್ಟೆಯ ರಿಬ್ಬನ್ನಿನ ತುಂಡು ಸಿಕ್ಕಿತು. ಗೇಣುದ್ದ. ಹುಟ್ಟುಹಬ್ಬಕ್ಕೆ ಇನ್ನು ಮೂರು ದಿನ.


ಮಾರ್ಚ್ 12, ಗುರುವಾರ

ಅರ್ಧ ದಿನ ರಜೆ. ತಲೆನೋವು ಅಂದೆ. ಸುಳ್ಳೇನಲ್ಲ.

ರಿಬ್ಬನ್ ತುಂಡು ಹಿಡಿದು ಮೂರು ಟೈಲರ್ ಅಂಗಡಿ ಸುತ್ತಿದೆ. ಮೊದಲನೆಯವನು ತುಂಡು ಮುಟ್ಟಲೂ ಇಲ್ಲ. ಎರಡನೆಯ ಕಡೆ ಬ್ಲೌಸಿನ ಅಳತೆ ತೆಗೆಯಲು ಬಂದಳು. ಮೂರನೆಯವನು, "ಇಷ್ಟರಲ್ಲಿ ಏನು ಹೊಲಿಸ್ತೀರಮ್ಮಾ, ಗೊಂಬೆಗಾ?" ಅಂದ. ಬೇರೆ ದಿನವಾಗಿದ್ದರೆ ಸರಿಯಾದ ಉತ್ತರ ಕೊಡುತ್ತಿದ್ದೆ.

ದಾರಿಯಲ್ಲಿ ಕಂಡ ಕೂಸುಗಳ ಬಾಯನ್ನೇ ನೋಡುತ್ತೇನೆ. ಎಲ್ಲವೂ ಏನಾದರೊಂದು ಚೀಪುತ್ತಿರುತ್ತವೆ. ಕೀಲಿ, ಚಪ್ಪಲಿ, ಅಮ್ಮನ ಸೆರಗು. ಸಿಕ್ಕಿದ್ದೆಲ್ಲ ಬಾಯಿಗೇ.

ಭಯವಾಗುತ್ತಿದೆ. ಬರೆದರೆ ಕಡಿಮೆಯಾಗಬಹುದು ಅಂದುಕೊಂಡೆ. ಆಗಲಿಲ್ಲ.


ಮಾರ್ಚ್ 14, ಶನಿವಾರ. ಬೆಳಿಗ್ಗೆ 10.20. ಆಸ್ಪತ್ರೆ ಬೆಂಚು

ನಿನ್ನೆ ಸಂಜೆ ಐದನೇ ಅಂಗಡಿಯವನು ರಿಬ್ಬನ್ ಕಂಡ ಕೂಡಲೇ ಹೇಳಿದ. "ಇದು ಪರದೆ ಬಟ್ಟೆ. ಹೀಗೆ ಅಂಚು ಮಡಚೋದು ಒಬ್ಬರೇ. ನೀರಿನ ಟ್ಯಾಂಕ್ ಹಿಂದೆ, ನೀಲಿ ಗೇಟಿನ ಮನೆ." ಓಡಿದೆ. ಬೀಗ. ಇಡೀ ಮನೆ ಬಟ್ಟೆ ಕೊಳ್ಳಲು ಪೇಟೆಗೆ ಹೋಗಿದೆ ಅಂದರು ಪಕ್ಕದವರು. ಒಂಬತ್ತರವರೆಗೂ ಗೇಟಿನ ಹತ್ತಿರ ನಿಂತು ವಾಪಸ್ಸಾದೆ.

ಇವತ್ತು ಎಂಟಕ್ಕೇ ಹೋದೆ. ಬಾಗಿಲು ತೆರೆದಿತ್ತು. ಬಲೂನು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಪಕ್ಕದ ಕಪಾಟಿನಲ್ಲಿ ನನ್ನ ಪೊಟ್ಟಣ. ಹಸಿರು ರಿಬ್ಬನ್ ಹಾಗೇ ಇದೆ. ಹೋದ ಜೀವ ಬಂದಂತಾಯಿತು.

ಕೈಗೆ ತೆಗೆದುಕೊಂಡೆ. ಬಲಗಡೆಯ ಮಡಿಕೆ ಎಡಗಡೆಯದರ ಮೇಲೆ. ನನ್ನ ಮಡಿಕೆ ಅಲ್ಲ.

"ಅಮ್ಮಾ, ತೆಗೆದು ನೋಡಿದ್ರಾ?"

"ಗುರುವಾರ ಒಂದ್ಸಲ ತೆಗೆದೆ ಕಣಮ್ಮಾ," ಅಜ್ಜಿ ನಾಚಿಕೊಂಡರು. "ಸೊಸೆಗೆ ತೋರಿಸೋ ಆಸೆ. ಮಿಷನ್ ಮೇಲಿಟ್ಟು ಬಿಚ್ಚಿದೆ. ಕೈ ಜಾರಿ ಹೊಟ್ಟೆ ಕಳಚಿಕೊಳ್ತು. ಒಳಗಿದ್ದ ಮಣಿ ಎಲ್ಲ ಚೆಲ್ಲಾಡಿ ಹೋಯ್ತು. ಎಲ್ಲಾ ಆಯ್ದು ಹಾಕಿದೀನಿ."

ಸುರಿದು ಎಣಿಸಿದೆ. ಹತ್ತು. ಮತ್ತೆ ಎಣಿಸಿದೆ. ಹತ್ತೇ. ಹನ್ನೆರಡಿರಬೇಕಿತ್ತು.

ಮಗು ನೆಲದ ಮೇಲೆ ಕೂತು ಅಳತೆ ಟೇಪಿನ ತುದಿ ಚೀಪುತ್ತಿತ್ತು. ಸೊಸೆ ಅಡುಗೆಮನೆಯಿಂದ ಬಂದಳು. "ನಿನ್ನೆಯಿಂದ ಏನೂ ತಿಂತಿಲ್ಲ ಅಕ್ಕಾ. ಬರೀ ರಗಳೆ. ಹಲ್ಲು ಬರ್ತಿರಬೇಕು ಅಂದ್ಕೊಂಡೆ."

ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಆಟೋದಲ್ಲಿ ಸೊಸೆ ಮಗುವಿನ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಅಜ್ಜಿಯ ಮಗ ಮನೆಯಲ್ಲೇ ಉಳಿದ, ನೆಲವೆಲ್ಲ ಹುಡುಕಲು.


10.50

ಎಕ್ಸ್‌ರೇ ಕೋಣೆಗೆ ಒಯ್ದರು. ಸೊಸೆಯನ್ನು ಮಾತ್ರ ಒಳಗೆ ಬಿಟ್ಟರು. ಮಗುವಿನ ಅಳು ಇಲ್ಲಿಗೆ ಕೇಳಿಸುತ್ತಿದೆ.

ಅಜ್ಜಿ ಕೇಳಿದರು. "ಅದರ ಮೇಲೆ ಏನೂ ಬರೆದಿರಲಿಲ್ಲ ಅಲ್ವಾ? ಕನ್ನಡಕ ಹಾಕ್ಕೊಂಡೇ ನೋಡಿದ್ದೆ."

ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ. ಹೌದು, ಇರಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು.

"ಬರೆದಿತ್ತು ಅಮ್ಮಾ. ನಾನೇ ಕಿತ್ತೆ."

"ಯಾಕೆ?"

"ಚೆಂದ ಕಾಣಲಿ ಅಂತ."

ಅಜ್ಜಿ ಚೀಲ ಎತ್ತಿ ನಮ್ಮಿಬ್ಬರ ನಡುವೆ ಇಟ್ಟುಕೊಂಡರು.


11.35

ಏನೂ ಇಲ್ಲ. ಹೊಟ್ಟೆ ಕ್ಲೀನ್. ಡಾಕ್ಟರ್ ಒಸಡು ಒತ್ತಿ ನೋಡಿ, "ಎರಡು ಹಲ್ಲು ಬರ್ತಿದೆ, ಅಷ್ಟೇ" ಅಂದರು. ಅಳು ಬಂತು. ಜನರ ಮುಂದೆಯೇ ಅತ್ತೆ.

ಮನೆಯಿಂದ ಫೋನು. ಮಿಷನ್ನಿನ ತಳದ ಕಬ್ಬಿಣಕ್ಕೆ ಎರಡೂ ಗುಂಡು ಕಚ್ಚಿಕೊಂಡಿದ್ದವಂತೆ. ಅವಕ್ಕೆ ನಾಲ್ಕು ಪಿನ್ನು ಜೋತುಬಿದ್ದು.

"ಎರಡು ದಿನದಿಂದ ಆ ಪಿನ್ನಿಗಾಗಿ ಮನೆಯೆಲ್ಲ ಹುಡುಕ್ತಿದ್ದೆ," ಅಂದರು ಅಜ್ಜಿ. ನಗಲಿಲ್ಲ. ಚೀಲ ಎತ್ತಿ ಆ ಕಡೆ ಇಟ್ಟರು.

ಆಫೀಸಿನಿಂದ ವಾಪಸ್ ಬಂದ ಮಕ್ಕಳ ಹಕ್ಕಿ ನನ್ನ ಬ್ಯಾಗಿನಲ್ಲೇ ಇತ್ತು. ಕೊಟ್ಟೆ. ಕೈಯಲ್ಲಿ ತೂಗಿ ನೋಡಿದರು, ಹೊಟ್ಟೆ ತಿರುಗಿಸಿ ನೋಡಿದರು, ನೆಲಕ್ಕೆ ಕುಟ್ಟಿಯೂ ನೋಡಿದರು. ಆಮೇಲೆ ಮಗುವಿಗೆ ಕೊಟ್ಟರು. ಅದು ನೇರ ಬಾಯಿಗೆ ಹಾಕಿಕೊಂಡಿತು.


ಮಾರ್ಚ್ 17, ಮಂಗಳವಾರ. ಬೆಳಿಗ್ಗೆ 9.15. ಅಂಗಡಿ

ಎರಡು ದಿನ ಬರೆಯಲು ಮನಸ್ಸಾಗಲಿಲ್ಲ.

ಯಜಮಾನಿಗೆ ನಿನ್ನೆ ಎಲ್ಲ ಹೇಳಿದೆ. "ಏನೂ ಆಗಲಿಲ್ಲ ತಾನೇ? ದೊಡ್ಡದು ಮಾಡಬೇಡ. ನಾಳೆಗೆ ಮೂವತ್ತು ಆಫೀಸ್ ಹಕ್ಕಿ ರೆಡಿ ಇರಲಿ. ಹಳದಿ ಒಂದೂ ಕಾಣಿಸಬಾರದು."

ಬೇಗ ಬಂದು ಹಿಂದಿನ ಬಾಗಿಲಿನಿಂದ ಒಳಗೆ ಬಂದೆ. ಹೇರ್ ಡ್ರೈಯರ್ ಮುಟ್ಟಲಿಲ್ಲ. ಬೂದು ಪೆಟ್ಟಿಗೆಗಳ ಮುಚ್ಚಳದ ಮೇಲೆ ಒಂದೊಂದು ಚೀಟಿ. ನನ್ನ ಅಕ್ಷರ, ದಪ್ಪಗೆ: "ಒಳಗೆ ಸಣ್ಣ ಮ್ಯಾಗ್ನೆಟ್ ಇದೆ. ಮಕ್ಕಳ ಕೈಗೆ ಕೊಡಬೇಡಿ." ಗೆರೆ ಎಳೆದು ಬರೆದಿದ್ದೇನೆ, ಅಂಚು ನೇರವಾಗಿ ಕತ್ತರಿಸಿದ್ದೇನೆ. ನೋಡಲು ಚೆನ್ನಾಗಿಯೇ ಇದೆ. ಮೂವತ್ತೂ ಕೌಂಟರ್ ಮೇಲೆ ಸಾಲಾಗಿ ಇಟ್ಟು ಪ್ಯಾಕಿಂಗ್ ಮೇಜಿಗೆ ಬಂದು ಕೂತಿದ್ದೇನೆ. ಕೆಲಸ ಹೋದರೆ ತಂಗಿಗೆ ಏನು ಹೇಳುವುದೋ.

ಶಟರ್ ಎತ್ತುವ ಸದ್ದು. ಅವರೇ. ಹೆಜ್ಜೆ ಕೌಂಟರ್ ಹತ್ತಿರ ನಿಂತಿತು. ಕೂಗುತ್ತಾರೆ ಅಂದುಕೊಂಡೆ. ಇಲ್ಲ. ಒಂದು ಪೆಟ್ಟಿಗೆ ಎತ್ತಿಕೊಂಡರು.

ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದಾರೆ. ಇನ್ನೂ ಕೆರೆಯುತ್ತಿದ್ದಾರೆ. ಬರುವುದಿಲ್ಲ ಅದು. ಅಂಟಿಸಿದವಳು ನಾನು—