ಎರಡು ಬಗೆಯ ಸ್ಲಾಟ್

ಮಾರ್ಚ್ 4

ಅಂಗಡಿ ತೆರೆದೆ. ರಿಪೇರಿಗೆ ಎರಡು ಪ್ರಿಂಟರ್, ಒಂದು ಸತ್ತ ಮಾನಿಟರ್. ಅಷ್ಟರಲ್ಲಿ ಭಾವ ಅಕ್ಕನ ಕಂಪ್ಯೂಟರ್ ಹೊತ್ತುಕೊಂಡು ಬಂದರು. ಆನ್ ಆಗುತ್ತಿಲ್ಲವಂತೆ. ಬಿಚ್ಚಿದೆ — ಮದರ್‌ಬೋರ್ಡ್ ಸುಟ್ಟಿದೆ.

ಬೇರೆಯವರದಾಗಿದ್ದರೆ ಹೊಸದು ತಗೊಳ್ಳಿ ಎಂದುಬಿಡುತ್ತಿದ್ದೆ. ಗಂಟಲಿನ ಆಪರೇಷನ್ ಆದಮೇಲೆ ಅಕ್ಕ ಮಾತಾಡುವುದೇ ಇದರಿಂದ. ಅವಳು ಟೈಪ್ ಮಾಡಿದ್ದನ್ನು ಒಳಗಿನ ಒಂದು ಕಾರ್ಡ್ ಗಟ್ಟಿಯಾಗಿ ಹೇಳುತ್ತದೆ. ಕಾರ್ಡಿಗೇನೂ ಆಗಿಲ್ಲ. ಆದರೆ ಅದು ಕೂರುವ ಹಳೇ ಸ್ಲಾಟ್ ಈಗಿನ ಬೋರ್ಡುಗಳಲ್ಲಿ ಇಲ್ಲ. ಕಾರ್ಡ್ ಮಾಡಿದ ಕಂಪನಿಯೂ ಇಲ್ಲ.

ಮಾರ್ಚ್ 5

ಅಕ್ಕ ಮಕ್ಕಳಿಗೆ ಗಣಿತ ಹೇಳಿಕೊಡುವುದನ್ನು ನಿಲ್ಲಿಸಿದ್ದಾಳೆ. ಕೈಸನ್ನೆಯಲ್ಲಿ ಬೀಜಗಣಿತ ಹೇಗೆ ಹೇಳುವುದು?

ಎಲ್ಲ ಹೊಸದೇ ಹಾಕು ಎಂದರು ಭಾವ. ಹೊಸ ಸಾಫ್ಟ್‌ವೇರಿನಲ್ಲಿ ಹೆಂಗಸಿನ ದನಿಯೇ ಇದೆಯಂತೆ. ಹಳೆಯದು ನೆಗಡಿ ಹಿಡಿದ ಗಂಡಸಿನ ದನಿ, ನಿಜ. ಆದರೆ ಅವಳ ಮಗಳು ಬೈಸಿಕೊಂಡದ್ದು, ಮುದ್ದು ಮಾಡಿಸಿಕೊಂಡದ್ದು ಎಲ್ಲ ಆ ದನಿಯಲ್ಲೇ...

ಮಾರ್ಚ್ 11, ಸಂಜೆ

ಸಿಕ್ಕಿತು! ಹಳೇ ಸ್ಲಾಟೂ ಹೊಸ ಸ್ಲಾಟೂ ಇರುವ ಬೋರ್ಡು. ಮಾರುಕಟ್ಟೆ ಹಳೇ ಸ್ಲಾಟಿನಿಂದ ಹೊಸದಕ್ಕೆ ಹೊರಳುವಾಗ ಮಾಡಿದ್ದು. ಎರಡು ದೋಣಿಯ ಮೇಲೆ ಕಾಲಿಟ್ಟ ಮಾಲು ಎಂದು ನಕ್ಕು ಕೊಟ್ಟ, ಹೋಲ್‌ಸೇಲ್‌ನವನು.

ಕಾರ್ಡ್ ಕೂತಿತು. ಅಕ್ಕ ಮೊದಲು ಟೈಪ್ ಮಾಡಿದ್ದು, "ಕಾಫಿ ಕೊಡ್ರೋ ಯಾರಾದ್ರೂ." ಭಾವ ನಗುತ್ತ ಕಣ್ಣೊರೆಸಿಕೊಂಡರು.

ಆಮೇಲೆ ನನ್ನತ್ತ ತಿರುಗಿದಳು.

"ಇದೂ ಕೆಟ್ಟರೆ?"

"ಇಂಥ ಬೋರ್ಡು ಇನ್ನು ಸಿಗಲ್ಲ ಅಕ್ಕಾ."

"ಹಾಗಾದ್ರೆ ಹೊಸ ದನೀನೂ ಹಾಕು. ಎರಡೂ ಇರೋವಾಗಲೇ ರೂಢಿ ಮಾಡ್ಕೋತೀನಿ. ಬಾಯಿ ಬಿದ್ದುಹೋದ ಮೇಲೆ ಅಲ್ಲ."

ನಾನು ಕಾರ್ಡ್ ಉಳಿಸುವುದನ್ನಷ್ಟೇ ಯೋಚಿಸಿದ್ದೆ. ಮುಂದಿನದನ್ನು ಯೋಚಿಸಿದವಳು ಅವಳು.

ಮೇ 19

ಪಾಠವೆಲ್ಲ ಹೊಸ ದನಿಯಲ್ಲಿ. ಶಿಷ್ಯರು ಒಂದು ವಾರದಲ್ಲಿ ಒಗ್ಗಿಕೊಂಡರು. ಮಗಳು ಒಗ್ಗಿಲ್ಲ. ಆ ದನಿ ಕರೆದರೆ ಏಳುವುದೇ ಇಲ್ಲ. ಇವತ್ತು ನನ್ನೆದುರೇ, "ಅದು ಯಾರೋ ಆಂಟಿ. ಅಮ್ಮ ಅಲ್ಲ," ಎಂದಳು.

ಅಕ್ಕನ ಮುಖ ನೋಡಲಾಗಲಿಲ್ಲ. ಹೊಸ ದನಿ ತೆಗೆದುಬಿಡಲಾ ಎಂದು ಮೌಸ್‌ಗೆ ಕೈ ಹಾಕಿದೆ. ಅಕ್ಕ ನನ್ನ ಕೈ ತಳ್ಳಿದಳು.

ಆಗಸ್ಟ್ 2, ಭಾನುವಾರ, ಮಧ್ಯಾಹ್ನ

ಹಳೇ ಕಾರ್ಡ್ ಕರಕರ ಎನ್ನುತ್ತಿದೆ ಎಂದು ಭಾವ ಕರೆಸಿದರು. ಮಾತು ಅರ್ಧಕ್ಕೇ ತುಂಡಾಗುತ್ತಿದೆ. ಹೆಚ್ಚು ದಿನ ಬಾಳುವುದಿಲ್ಲ. ಹೇಳಿದೆ. ಅಕ್ಕ ತಲೆಯಾಡಿಸಿದಳು.

ಊಟವಾಯಿತು. ಹೊರಗಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಅಮ್ಮ ಮಗಳ ಜಗಳ, ಭಿನ್ನರಾಶಿಯ ಲೆಕ್ಕಕ್ಕೆ. ಮಗಳು ತನ್ನದೇ ಸರಿ ಎನ್ನುತ್ತಾಳೆ. ಹೊಸ ದನಿಯೂ ಬಿಡುತ್ತಿಲ್ಲ — ಛೇದ ನೋಡು, ಇನ್ನೊಮ್ಮೆ ನೋಡು.

"ಅಯ್ಯೋ, ಗೊತ್ತಾಯ್ತು ಬಿಡಮ್ಮಾ!"

ಆ ದನಿಗೇ ಅಮ್ಮಾ ಅಂದೆ ಎಂದು ಹುಡುಗಿಗೇ ತಿಳಿದಂತಿಲ್ಲ. ಗೊಣಗುತ್ತ ಲೆಕ್ಕ ಅಳಿಸುತ್ತಿದ್ದಾಳೆ. ಕೀಬೋರ್ಡ್ ಸದ್ದು ನಿಂತಿದೆ. ಭಾವ ಅಡುಗೆಮನೆ ಬಾಗಿಲಲ್ಲಿ ಪಾತ್ರೆ ಹಿಡಿದು ಹಾಗೇ ನಿಂತಿದ್ದಾರೆ. ಅಕ್ಕ —