ಪ್ರತಿ: ಅರ್ಜಿದಾರರಿಗೆ

ಮಾನ್ಯ ಪರವಾನಗಿ ಅಧಿಕಾರಿಗಳೇ,

ಕಳೆದ ಮಂಗಳವಾರ ನಿಮ್ಮ ಕಚೇರಿಯಿಂದ ನನಗೊಂದು ಪತ್ರ ಬಂತು. ಹನ್ನೊಂದು ತಿಂಗಳಿಂದ ಕಾಯುತ್ತಿದ್ದ ಪತ್ರವೇ ಇರಬೇಕೆಂದು ಒಲೆಯ ಮೇಲಿನ ಮೊಟ್ಟೆಯನ್ನು ಹಾಗೆಯೇ ಬಿಟ್ಟು ಲಕೋಟೆ ಬಿಡಿಸಿದೆ. ನನ್ನ ಪರವಾನಗಿ ಅದರಲ್ಲಿರಲಿಲ್ಲ. ಗ್ರೇಡಿ ಎಂಬ ನನ್ನ ಮಾಜಿ ಗಂಡ ನಿಮ್ಮ ಕೌಂಟಿಗೆ ಬಂದು ನೆಲೆಸಿದ್ದಾನೆಂದೂ, ಬಟ್ಟೆಯ ಮರೆಯಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಲು ಪರವಾನಗಿ ಕೋರಿದ್ದಾನೆಂದೂ, ಹಿಂದಿನ ಪತ್ನಿಯಾದ ನಾನು ಅವನ ನಡತೆಯ ಬಗ್ಗೆ ಹದಿನಾಲ್ಕು ದಿನಗಳೊಳಗೆ ಅಭಿಪ್ರಾಯ ತಿಳಿಸಬೇಕೆಂದೂ ಬರೆದಿದ್ದಿರಿ. ಮೇಲೆ ನನ್ನ ಹೆಸರು, ನನ್ನ ಮನೆಯ ಪೂರ್ತಿ ವಿಳಾಸ, ಬಾಗಿಲು ಹಿಂಬದಿಯಲ್ಲಿದೆ ಎಂಬ ವಿವರದ ಸಮೇತ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು. ಪ್ರತಿ: ಅರ್ಜಿದಾರರಿಗೆ.

ಅವನ ವಿಳಾಸವಿದ್ದ ಜಾಗಕ್ಕೆ ಕಪ್ಪು ಮಸಿ ಬಳಿದಿದ್ದೀರಿ. ಅರ್ಜಿದಾರರ ಖಾಸಗಿತನದ ರಕ್ಷಣೆಗಾಗಿ ಎಂದು ಪಕ್ಕದಲ್ಲೇ ಕಾರಣವನ್ನೂ ಕೊಟ್ಟಿದ್ದೀರಿ. ಪತ್ರ ಓದಿ ಮುಗಿಸುವಷ್ಟರಲ್ಲಿ ಮೊಟ್ಟೆ ಸೀದು ವಾಸನೆ ಬಂತು. ಒಲೆ ಆರಿಸಿ, ಸೀದದ್ದನ್ನು ಕೆರೆದು ತಟ್ಟೆಗೆ ಹಾಕಿಕೊಂಡು ತಿಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಭಯವೂ ಬರಲಿಲ್ಲ. ತುಂಬ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದರೆ ಕೈ ಜೋಮು ಹಿಡಿಯುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು. ಈಗಲೂ ಹಾಗೇ ಇದೆ. ಆದ್ದರಿಂದ ಈ ಪತ್ರದಲ್ಲಿ ತಮಗೆ ಬೈಗುಳ ಸಿಕ್ಕದಿದ್ದರೆ ಅದನ್ನು ಗೌರವವೆಂದು ತಿಳಿಯಬೇಡಿ.

ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೇನೆಂದು ಮೊದಲೇ ಹೇಳಿಬಿಡುತ್ತೇನೆ. ತಾವು ಕಳಿಸಿದ ಅಭಿಪ್ರಾಯದ ನಮೂನೆಯಲ್ಲಿ ಮೊದಲ ಅಂಕಣವೇ ನನ್ನ ಈಗಿನ ವಿಳಾಸ. ಅದನ್ನು ತುಂಬದ ನಮೂನೆಯನ್ನು ಪರಿಗಣಿಸುವುದಿಲ್ಲವಂತೆ, ತುಂಬಿದ ನಮೂನೆಯ ಪ್ರತಿ ಅರ್ಜಿದಾರರಿಗೆ ಹೋಗುತ್ತದಂತೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯೊಳಗೆ ನನಗೆ ಉಳಿದಿರುವ ಜಾಗ ಈ ಪತ್ರಿಕೆಯ ಓದುಗರ ಪುಟ ಮಾತ್ರ. ಸಂಪಾದಕರು ನನ್ನ ವಿಳಾಸ ಕೇಳಲಿಲ್ಲ.

ನಾನು ಬಂದದ್ದು ಮೂರು ರಾಜ್ಯಗಳ ಆಚೆಯಿಂದ. ಯಾವ ರಾಜ್ಯವೆಂದು ಇಲ್ಲಿ ಬರೆಯುವುದಿಲ್ಲ, ತಮ್ಮ ಕಡತದಲ್ಲಿ ಮೂರು ಕಡೆ ಇದೆ. ಅಲ್ಲಿ ಪಿಸ್ತೂಲಿನ ಪರವಾನಗಿ ನನ್ನ ಬಳಿ ಐದು ವರ್ಷ ಇತ್ತು. ಐದು ವರ್ಷ ಅದನ್ನು ಸೊಂಟದಲ್ಲಿಟ್ಟುಕೊಂಡೇ ದಿನಸಿ ತಂದೆ, ಚರ್ಚಿಗೆ ಹೋದೆ, ನಾಯಿಯನ್ನು ವೈದ್ಯರ ಬಳಿಗೆ ಒಯ್ದೆ. ಒಮ್ಮೆಯೂ ಹೊರಗೆ ತೆಗೆಯಲಿಲ್ಲ. ಈ ದೇಶದಲ್ಲಿ ಒಂದು ರಾಜ್ಯದಲ್ಲಿ ಕಾರು ಓಡಿಸಲು ಬಂದವಳಿಗೆ ಇನ್ನೊಂದರಲ್ಲೂ ಬರುತ್ತದೆಂದು ಒಪ್ಪುತ್ತಾರೆ. ಒಂದು ರಾಜ್ಯದಲ್ಲಿ ಮದುವೆಯಾದವಳು ಇನ್ನೊಂದರಲ್ಲೂ ಮದುವೆಯಾದವಳೇ, ಬೇಡವೆಂದರೂ ಬಿಡುವುದಿಲ್ಲ. ಆದರೆ ನನ್ನ ಪಿಸ್ತೂಲಿನ ಪರವಾನಗಿ ಗಡಿಯ ಫಲಕ ದಾಟಿದ ಕೂಡಲೇ ಬರೀ ಕಾಗದ. ಇಲ್ಲಿ ಪಿಸ್ತೂಲನ್ನು ಮನೆಯೊಳಗೆ ಇಟ್ಟುಕೊಳ್ಳಬಹುದು, ಮರೆಯಲ್ಲಿಟ್ಟುಕೊಂಡು ಹೊಸ್ತಿಲು ದಾಟಿದರೆ ಅಪರಾಧ. ನನಗೆ ಬೇಕಾಗಿದ್ದದ್ದು ಊರು ಸುತ್ತುವ ಹಕ್ಕಲ್ಲ ಸ್ವಾಮಿ. ಕೆಲಸದ ಜಾಗದ ಹಿಂಬಾಗಿಲಿನಿಂದ ನನ್ನ ಕಾರಿನವರೆಗೆ ನಲವತ್ತೊಂದು ಹೆಜ್ಜೆ. ಎಣಿಸಿದ್ದೇನೆ. ಆ ನಲವತ್ತೊಂದು ಹೆಜ್ಜೆಗೆ ಪರವಾನಗಿ ಕೇಳಿದ್ದೆ.

ಮೊದಲ ದಿನವೇ ವಿಳಾಸದ ತಕರಾರು ಶುರುವಾಯಿತು. ಗಂಡನಿಂದ ತಪ್ಪಿಸಿಕೊಂಡು ಬಂದ ನನ್ನಂಥವರಿಗೆಂದೇ ಈ ರಾಜ್ಯದಲ್ಲಿ ಒಂದು ಯೋಜನೆಯಿದೆ. ರಾಜಧಾನಿಯ ಒಂದು ಅಂಚೆ ಪೆಟ್ಟಿಗೆಯ ಸಂಖ್ಯೆ ಕೊಡುತ್ತಾರೆ, ಎಲ್ಲ ಕಡೆಯೂ ಅದೇ ನಮ್ಮ ವಿಳಾಸ, ನಿಜವಾಗಿ ಎಲ್ಲಿದ್ದೇವೆಂದು ಯಾರಿಗೂ ಹೇಳಬಾರದು. ಬ್ಯಾಂಕು ಆ ಸಂಖ್ಯೆಯನ್ನು ಒಪ್ಪಿತು. ಕಾರಿನ ಲೈಸೆನ್ಸಿನವರು ಒಪ್ಪಿದರು. ಮತದಾರರ ಪಟ್ಟಿಯವರು ಕೂಡ ಒಪ್ಪಿದರು. ತಮ್ಮ ಕಿಟಕಿಯಲ್ಲಿ ಕೂತಿದ್ದ ಹೆಂಗಸು ಮಾತ್ರ ಕನ್ನಡಕ ಹಣೆಗೇರಿಸಿ ಕೇಳಿದರು:

"ಇದು ಪೋಸ್ಟ್ ಬಾಕ್ಸ್ ಅಲ್ವಾ ಮೇಡಂ? ನೀವು ಪೆಟ್ಟಿಗೆ ಒಳಗೆ ಮಲಗ್ತೀರಾ?"

"ನನ್ನ ವಿಳಾಸ ಗೋಪ್ಯ. ಯೋಜನೆಯ ಕಾರ್ಡಿದೆ, ನೋಡಿ."

"ಕಾರ್ಡು ಚೆನ್ನಾಗಿದೆ. ಆದ್ರೆ ನಮಗೆ ವಾಸದ ಮನೆ ಬೇಕು. ಬರೀರಿ ಪರವಾಗಿಲ್ಲ, ನಮ್ಮ ಬೀರು ಬಿಟ್ಟು ಎಲ್ಲೂ ಹೋಗಲ್ಲ."

ಬರೆದೆ. ತಪ್ಪು ಯಾರದೆಂದು ತಾವು ಹುಡುಕುವುದಾದರೆ ಅಲ್ಲಿಂದ ಶುರುಮಾಡಿ, ಬರೆದ ಕೈ ನನ್ನದೇ.

ಆಮೇಲೆ ತರಬೇತಿ. ಐದು ವರ್ಷದ ಅನುಭವಕ್ಕೆ ಇಲ್ಲಿ ಬೆಲೆಯಿಲ್ಲವಾದ್ದರಿಂದ ಒಂದು ಶನಿವಾರ ಎಂಟು ತಾಸು ತಗಡಿನ ಕೊಟ್ಟಿಗೆಯಲ್ಲಿ ಕೂತು, ಪಿಸ್ತೂಲಿನ ಯಾವ ತುದಿಯಿಂದ ಗುಂಡು ಬರುತ್ತದೆ ಎಂಬಲ್ಲಿಂದ ಕಲಿತೆ. ಪಾಠ ಹೇಳಿದ ಆರ್ವಿಲ್ ಎಂಬ ಮುದುಕರು ನಾನು ಗುರಿಯಿಟ್ಟದ್ದನ್ನು ನೋಡಿ "ನಿಂಗೆ ನಾನೇನಮ್ಮಾ ಕಲಿಸ್ಲಿ, ಹೋಗಿ ಎಲ್ಲರಿಗೂ ಕಾಫಿ ಹಾಕ್ಕೊಡು" ಎಂದರು. ಕಾಫಿ ಹಾಕಿಕೊಟ್ಟೆ. ಪ್ರಮಾಣಪತ್ರ ಸಿಕ್ಕಿತು.

ಆಮೇಲೆ ಬೆರಳಚ್ಚು. ನನ್ನದು ದಿನಕ್ಕೆ ಎಪ್ಪತ್ತು ಸಲ ಕೈ ತೊಳೆಯುವ ಕೆಲಸ, ಅದಕ್ಕಿಂತ ಹೆಚ್ಚು ಇಲ್ಲಿ ಹೇಳಲಾರೆ. ಹದಿನೆಂಟು ವರ್ಷ ತೊಳೆದು ತೊಳೆದು ಬೆರಳಿನ ಗೆರೆಗಳು ಸವೆದಿವೆ. ಯಂತ್ರದ ಗಾಜಿನ ಮೇಲೆ ಹತ್ತೂ ಬೆರಳನ್ನು ಒತ್ತಿದರೂ ಬಿಳಿಯ ಕಲೆ ಬಿಟ್ಟು ಏನೂ ಮೂಡಲಿಲ್ಲ. ಎರಡು ಸಲ ತಿರಸ್ಕಾರವಾಯಿತು. ಎರಡು ವಾರ ಕೈಗೆ ಎಣ್ಣೆ ಹಚ್ಚಿಕೊಂಡು, ಕೆಲಸಕ್ಕೆ ಹೋಗದೆ, ಮನೆಯಲ್ಲಿ ಸುಮ್ಮನೆ ಕೂರಬೇಕೆಂದು ಕಿಟಕಿಯ ಹೆಂಗಸು ಸಲಹೆ ಕೊಟ್ಟರು. ಪರವಾನಗಿ ಬೇಕಾಗಿದ್ದೇ ಕೆಲಸಕ್ಕೆ ಹೋಗಿಬರಲು ಎಂದೆ. "ಅದು ನಿಮ್ಮಿಷ್ಟ ಮೇಡಂ," ಎಂದರು. ಅವರ ಮೇಲೂ ನನಗೆ ದೂರಿಲ್ಲ. ಒರಟು ಮಾತೇನೂ ಆಡಿದವರಲ್ಲ. ಮೂರನೆಯ ಸಲ ಅಷ್ಟಿಷ್ಟು ಮೂಡಿದ್ದನ್ನು ಒಪ್ಪಿಕೊಂಡರು.

ಆಮೇಲೆ ಸಾಕ್ಷಿಗಳು. ಇದೇ ಕೌಂಟಿಯ ಮೂವರು ನನ್ನ ನಡತೆ ಒಳ್ಳೆಯದೆಂದು ಸಹಿ ಹಾಕಬೇಕು. ಯಾರ ಕಣ್ಣಿಗೂ ಬೀಳದೆ ಬದುಕು ಎಂದು ಒಂದು ಇಲಾಖೆ ಹೇಳುತ್ತದೆ, ನಿನ್ನನ್ನು ಚೆನ್ನಾಗಿ ಬಲ್ಲ ಮೂವರನ್ನು ಕರೆತಾ ಎಂದು ಇನ್ನೊಂದು ಕೇಳುತ್ತದೆ. ಎರಡೂ ಒಂದೇ ಸರ್ಕಾರ. ಕೊನೆಗೆ ಆರ್ವಿಲ್ ಒಬ್ಬರು, ಕೆಲಸದ ಜಾಗದ ಹಿರಿಯರೊಬ್ಬರು, ಮೂರನೆಯವರು ನನ್ನ ಮನೆಯೊಡತಿ ವರ್ನಾ. ವರ್ನಾಗೆ ಎಪ್ಪತ್ತೆಂಟು ವರ್ಷ. ಮುಂಭಾಗದಲ್ಲಿ ಅವರು, ಹಿಂಭಾಗದ ಎರಡು ಕೋಣೆಗಳಲ್ಲಿ ನಾನು. ಬಂದು ಎರಡು ತಿಂಗಳೂ ಆಗಿರಲಿಲ್ಲ. ನಮೂನೆಯನ್ನು ತೊಡೆಯ ಮೇಲಿಟ್ಟುಕೊಂಡು ವರಾಂಡದಲ್ಲಿ ಕೂತು ಕೇಳಿದರು:

"ನಿನ್ನ ನಡತೆ ಹೇಗಂತ ಬರೀಲೇ? ಬುಧವಾರ ಮರೀದೆ ಕಸದ ಡಬ್ಬಿ ಹೊರಗಿಡ್ತಾಳೆ ಅಂತ ಬರೆದಿದೀನಿ. ಸಾಕಲ್ವಾ?"

"ಸಾಕು."

"ಎಷ್ಟು ಕಾಲದಿಂದ ಪರಿಚಯ ಅಂತ ಕೇಳಿದಾರಲ್ಲ. 'ಬಹಳ ಕಾಲದಿಂದ' ಅಂತ ಹಾಕ್ತೀನಿ. ಎರಡು ತಿಂಗಳು ಅಂದ್ರೆ ನಿಂಗೆ ಕೊಡ್ತಾರೇನೇ, ಪಾಪ."

ನಾನು ತಿದ್ದಲಿಲ್ಲ. ನನಗೆ ಸಹಿ ಬೇಕಿತ್ತು.

ಇಷ್ಟೆಲ್ಲ ಒಪ್ಪಿಸಿದ್ದು ಹೋದ ಸೆಪ್ಟೆಂಬರಿನಲ್ಲಿ. ಅರವತ್ತು ದಿನಗಳಲ್ಲಿ ತೀರ್ಮಾನ ಎಂದು ತಮ್ಮ ಗೋಡೆಯ ಫಲಕ ಹೇಳುತ್ತದೆ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಕೇಳಿದಾಗ ಕಡತ ಮೇಲಿನ ಮಹಡಿಯಲ್ಲಿತ್ತು. ಈಸ್ಟರಿಗೆ ಕೆಳಗಿಳಿದಿತ್ತು. ಜುಲೈಯಲ್ಲಿ ಅದು ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಈ ನಡುವೆ ಗ್ರೇಡಿ ನನ್ನ ಹತ್ತಿರ ಸುಳಿಯಬಾರದೆಂದು ಹಳೆಯ ರಾಜ್ಯದ ಕೋರ್ಟು ಕೊಟ್ಟಿದ್ದ ಒಂದು ವರ್ಷದ ತಡೆಯಾಜ್ಞೆ ಮುಗಿಯಿತು. ಮುಂದುವರಿಸಬೇಕಾದರೆ ಅದೇ ಕೋರ್ಟಿಗೆ ಹೋಗಿ, ಅದೇ ಓಣಿಯಂಥ ಹಜಾರದಲ್ಲಿ, ಅವನೆದುರಿನ ಬೆಂಚಿನಲ್ಲಿ ಕೂತು ಕಾಯಬೇಕಿತ್ತು. ನಾನು ಹೋಗಲಿಲ್ಲ. ಇದನ್ನೂ ನನ್ನ ತಪ್ಪಿನ ಪಟ್ಟಿಗೆ ಸೇರಿಸಿಕೊಳ್ಳಿ. ಆಜ್ಞೆ ಮುಗಿದ ಮೇಲೆ ಕಾನೂನಿನ ಕಣ್ಣಿಗೆ ಅವನು ಬರಿಯ ಅರ್ಜಿದಾರ, ನನ್ನ ಹಾಗೆಯೇ.

ನಾನು ಈ ಕೌಂಟಿಯಲ್ಲಿದ್ದೇನೆಂದು ಅವನಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಮನೆ ಮಾತ್ರ ತಿಳಿದಿರಲಿಲ್ಲ. ಇದನ್ನು ಊಹಿಸಿ ಹೇಳುತ್ತಿಲ್ಲ. ಮಂಗಳವಾರ ಮೊಟ್ಟೆ ತಿಂದಾದ ಮೇಲೆ ನಾನು ಕಿಟಕಿಯ ಹೆಂಗಸಿಗೆ ಫೋನು ಮಾಡಿದೆ. ನನ್ನ ವಿಳಾಸ ಅವನು ಕೊಟ್ಟನೇ ಎಂದು ಕೇಳಿದೆ.

"ಇಲ್ಲ ಮೇಡಂ, ಅವರು ಪಾಪ 'ಗೊತ್ತಿಲ್ಲ' ಅಂತ ಬರೆದಿದ್ರು. ನಾವೇ ಕಂಪ್ಯೂಟರಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿದ್ವಿ. ತಕ್ಷಣ ಸಿಕ್ತು."

"ಎಲ್ಲಿ ಸಿಕ್ತು?"

"ನಿಮ್ಮದೇ ಅರ್ಜಿಯಲ್ಲಿ."

ಅವರ ದನಿಯಲ್ಲಿ ಕೆಲಸ ಮಾಡಿ ಮುಗಿಸಿದ ಸಮಾಧಾನವಿತ್ತು. ಹನ್ನೊಂದು ತಿಂಗಳಲ್ಲಿ ನನಗಾಗಿ ಹುಡುಕಿದರೆ ಸಿಗದ ಕಡತ ಅವನಿಗಾಗಿ ಹುಡುಕಿದಾಗ ತಕ್ಷಣ ಸಿಕ್ಕಿತು. ಇದಕ್ಕೆ ತಮ್ಮಲ್ಲಿ ವಿವರಣೆಯಿದ್ದರೆ ದಯವಿಟ್ಟು ಕೊಡಿ. ಅವನಿಂದ ಕಾಪಾಡಿಕೊಳ್ಳಲು ನಾನು ತುಂಬಿದ ಅರ್ಜಿಯೇ ಅವನಿಗೆ ನನ್ನ ಬಾಗಿಲು ತೋರಿಸಿತು ಎಂಬುದನ್ನು ಯಾವ ಅಂಕಣದಲ್ಲಿ ಬರೆಯಬೇಕೆಂದೂ ತಿಳಿಸಿ.

ಇನ್ನು ತಾವು ಕೇಳಿದ ಅಭಿಪ್ರಾಯ. ಅರ್ಜಿದಾರರನ್ನು ಎಷ್ಟು ಕಾಲದಿಂದ ಬಲ್ಲಿರಿ? ಹನ್ನೊಂದು ವರ್ಷ. ಮದ್ಯಪಾನದ ಅಭ್ಯಾಸವಿದೆಯೇ? ಇಲ್ಲ, ಬಿಯರನ್ನೂ ಮುಟ್ಟುವುದಿಲ್ಲ. ಸಿಟ್ಟಿನ ಸ್ವಭಾವವೇ? ಅವನು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಆಯುಧವನ್ನು ಎಂದಾದರೂ ಅನುಚಿತವಾಗಿ ಬಳಸಿದ್ದುಂಟೇ? ಈ ಪ್ರಶ್ನೆಗೆ ಎರಡು ಸಾಲಿನ ಜಾಗ ಬಿಟ್ಟಿದ್ದೀರಿ, ನನಗೆ ಇನ್ನೂ ಸ್ವಲ್ಪ ಬೇಕು. ಒಂದು ಭಾನುವಾರ ಮಧ್ಯಾಹ್ನ ನಾನು ಕೊಚ್ಚಿದ ಮಾಂಸ ಬೇಯಿಸಿ, ಆಲೂಗಡ್ಡೆ ಹಿಸುಕಿ ಬಟ್ಟಲಿಗೆ ಹಾಕಿಟ್ಟು ಕೈ ತೊಳೆಯಲು ಹೋದೆ. ಬಂದು ನೋಡಿದರೆ ನನ್ನ ಪಿಸ್ತೂಲು ಬಟ್ಟಲಿನ ಪಕ್ಕದಲ್ಲಿತ್ತು. ಅದರ ಗುಂಡುಗಳನ್ನೆಲ್ಲ ಹೊರತೆಗೆದು ನನ್ನ ತಟ್ಟೆಯ ಸುತ್ತ ಒಂದೊಂದಾಗಿ ನಿಲ್ಲಿಸಿದ್ದ. ಒಂದೂ ಬೀಳದ ಹಾಗೆ, ಒಂದಕ್ಕೊಂದು ಸಮ ದೂರದಲ್ಲಿ. ಆ ದಿನ ಬೆಳಿಗ್ಗೆ ನಾನು ನನ್ನ ತಂಗಿಗೆ ಫೋನು ಮಾಡಿದ್ದೆ, ಅಷ್ಟೇ.

"ತಿನ್ನು, ಆರೋಗತ್ತೆ," ಎಂದ.

ಒಂದು ಗುಂಡನ್ನೂ ಬೀಳಿಸದೆ ತಿಂದೆ. ತಟ್ಟೆಯಲ್ಲಿದ್ದುದನ್ನೆಲ್ಲ ತಿಂದೆ. ಅವನು ಕೂತು ನೋಡಿದ. ಆಮೇಲೆ ಗುಂಡುಗಳನ್ನು ಒರೆಸಿ ಡಬ್ಬಿಗೆ ಹಾಕಿಟ್ಟು ಪಾತ್ರೆ ತೊಳೆದುಕೊಟ್ಟ. ಗುಂಡು ಹಾರಲಿಲ್ಲ, ಪಿಸ್ತೂಲನ್ನು ನನ್ನ ಕಡೆ ತಿರುಗಿಸಲೂ ಇಲ್ಲ. ಇದು ಅನುಚಿತ ಬಳಕೆಯೋ ಅಲ್ಲವೋ ತಮ್ಮ ಕಾನೂನು ಬಲ್ಲವರು ಹೇಳಲಿ. ಅಂದಿನಿಂದ ನನಗೆ ಯಾವ ಊಟದ ರುಚಿಯೂ ಗೊತ್ತಾಗುತ್ತಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ತಾವು ಕೇಳಿದಿರಿ ಎಂದು ಹೇಳಿದೆ.

ತಮ್ಮ ಪತ್ರ ಬಂದ ಮರುದಿನ, ಬುಧವಾರ ಬೆಳಿಗ್ಗೆ, ಕಸದ ಡಬ್ಬಿ ಹೊರಗಿಟ್ಟು, ಎರಡು ಚೀಲ ತೆಗೆದುಕೊಂಡು ವರ್ನಾರ ಮನೆಯಿಂದ ಹೊರಟೆ. ತಂಗಿಗೆ ಹುಷಾರಿಲ್ಲವೆಂದು ಅವರಿಗೆ ಸುಳ್ಳು ಹೇಳಿದೆ. ಯಾರಿಗೂ ಹೇಳಬಾರದೆಂಬ ನಿಯಮವನ್ನು ಅಷ್ಟು ಚೆನ್ನಾಗಿ ಪಾಲಿಸಿದ್ದೆ, ನನಗೊಬ್ಬ ಗಂಡನಿದ್ದನೆಂಬುದೂ ಆ ಹೆಂಗಸಿಗೆ ಗೊತ್ತಿರಲಿಲ್ಲ. ಶುಕ್ರವಾರ ಅವರೇ ಫೋನು ಮಾಡಿದರು.

"ನಿನ್ನ ಗಂಡ ಬಂದಿದ್ನಲ್ಲೇ. ಇಷ್ಟು ಒಳ್ಳೆ ಮನುಷ್ಯನ್ನ ಇಟ್ಕೊಂಡು ಒಂದು ಮಾತು ಹೇಳ್ಲಿಲ್ವಲ್ಲ ನೀನು. ಮೆಟ್ಟಿಲಿನ ಹಲಗೆ ಅಲ್ಲಾಡ್ತಿತ್ತು ನೋಡು, ಮೊಳೆ ಹೊಡೆದು ಸರಿ ಮಾಡಿಕೊಟ್ಟ."

ಯಾಕೆ ಬಂದಿದ್ದನೆಂದು ಕೇಳಿದೆ.

"ನಿನ್ನ ಹತ್ರ ಇದ್ದಂಥದ್ದೇ ನಮೂನೆ ತಂದಿದ್ದ. ಊರಿಗೆ ಹೊಸಬ, ಯಾರೂ ಗೊತ್ತಿಲ್ಲ, ಒಂದು ಸಹಿ ಕಡಿಮೆ ಇದೆ ಅಂದ."

"ಹಾಕಿದ್ರಾ?"

"ಹಾಕದೆ ಇರ್ತೀನಾ? ನಿಂಗೆ ಹಾಕಿದ ಹಾಗೇ, ಬಹಳ ಕಾಲದಿಂದ ಗೊತ್ತು ಅಂತಾನೇ ಬರೆದೆ."

ಆಮೇಲೆ ನಾನು ಸತ್ಯ ಹೇಳಿದೆ. ಕೇಳಿ ಮುಗಿಸಿ, "ನಾನು ಆ ಮೆಟ್ಟಿಲು ತುಳಿಯಲ್ಲ ಕಣೇ," ಎಂದರು. ಹದಿನೆಂಟು ವರ್ಷ ಒಂಟಿಯಾಗಿ ಬದುಕಿದ ಆ ಹೆಂಗಸು ಈಗ ಹಗಲಿನಲ್ಲೂ ಚಿಲಕ ಹಾಕಿಕೊಂಡು ಕೂರುತ್ತಾರೆ. ಇದನ್ನು ಬರೆಯುವಾಗ ಮಾತ್ರ ನನ್ನ ಕೈಗೆ ಸ್ವಲ್ಪ ಜೀವ ಬಂದಂತಾಯಿತು.

ಈಗ ನನ್ನ ಬೇಡಿಕೆ. ವಾಸದ ಮನೆ ಬಿಟ್ಟವರ ಅರ್ಜಿ ತಾನಾಗಿಯೇ ರದ್ದು ಎಂಬುದು ತಮ್ಮ ನಿಯಮ. ಆದ್ದರಿಂದ ನನ್ನದು ರದ್ದಾಗಿದೆ, ಅದಕ್ಕಾಗಿ ಇನ್ನು ಯಾರೂ ಮಹಡಿ ಹತ್ತಿ ಇಳಿಯಬೇಕಾಗಿಲ್ಲ. ಅವನ ನಮೂನೆಯಲ್ಲಿ ವರ್ನಾ ಹಾಕಿರುವ ಸಹಿಯನ್ನು ಹೊಡೆದುಹಾಕಿ. ಸಹಿ ಹಿಂತೆಗೆದುಕೊಂಡಿದ್ದೇನೆಂದು ಅವರು ಬರೆದುಕೊಟ್ಟಿರುವ ಕಾಗದ ಈ ಪತ್ರದ ಜೊತೆ ಸಂಪಾದಕರ ಬಳಿ ಇದೆ. ಅವನಿಗೆ ಪರವಾನಗಿ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಹದಿನಾಲ್ಕು ದಿನಗಳ ಗಡುವಿನಲ್ಲಿ ಇನ್ನೂ ಎಂಟು ದಿನ ಉಳಿದಿರುವಾಗಲೇ ತಿಳಿಸಿದ್ದೇನೆ. ಕೊನೆಯದಾಗಿ, ಆ ಕಪ್ಪು ಮಸಿಯ ಕೆಳಗಿರುವ ವಿಳಾಸ ನನಗೆ ಬೇಕು. ರಾಜಧಾನಿಯ ಅಂಚೆ ಪೆಟ್ಟಿಗೆಗೆ ಕಳಿಸಿ. ಅವನ ಮನೆಗೆ ಹೋಗಲಿಕ್ಕಲ್ಲ. ಎಲ್ಲಿ ಮನೆ ಹುಡುಕಬಾರದು ಎಂದು ತಿಳಿಯಲಿಕ್ಕೆ.

ಈ ಪತ್ರದ ಪ್ರತಿಯನ್ನು ಅರ್ಜಿದಾರರಿಗೆ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಅವನು ದಿನಾ ಬೆಳಿಗ್ಗೆ ಪತ್ರಿಕೆ ಓದುತ್ತಾನೆ.

ಇಂತಿ,
ಕಡತದಲ್ಲಿ ಮಾತ್ರ ವಾಸವಿರುವ
ಅರ್ಜಿ ಸಂಖ್ಯೆ 0417