ಬೊಂಬಾಯಿಯಿಂದ ದುಬೈಗೆ ಮೂರು ಗಂಟೆ

ಜನವರಿ ೧೬, ೧೯೮೧
ಶಾಲೆಯಿಂದ ಬರುವಾಗ ಐದೂವರೆ. ಆಶಾಲತಾಳ ತಲೆಗೆ ಎಣ್ಣೆ ಹಚ್ಚಿ ಮೀಯಿಸಿದೆ. ಆಮೇಲೆ ತಂಗಿ ಕುಶಲಾಳ ಕಾಗದ ಒಡೆದೆ. ‘ಅಕ್ಕ, ದುಬೈಯಲ್ಲಿ ನಮಗೆ ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕಿತು. ಮಗಳನ್ನು ಕರೆಸಿಕೊಳ್ಳುತ್ತೇವೆ. ಪಾಸ್‌ಪೋರ್ಟಿನ ಫಾರ್ಮಿಗೆ ಸಹಿ ಹಾಕಿ ಕಳಿಸಿದ್ದೇನೆ, ಹಂಪನಕಟ್ಟೆಯ ಟ್ರಾವೆಲ್ಸಿನಲ್ಲಿ ಕೊಟ್ಟುಬಿಡು.’
ಕುಶಲಾ ನರ್ಸ್ ಕೆಲಸಕ್ಕೆಂದು ಗಂಡನ ಜೊತೆ ಹೋಗುವಾಗ ಆಶಾಳಿಗೆ ಒಂದೂವರೆ ವರ್ಷ. ಈಗ ಆರು. ಅಮ್ಮ ಎಂದರೆ ಗೋಡೆಯ ಫೋಟೋ.

ಜನವರಿ ೧೯
ಟ್ರಾವೆಲ್ಸಿಗೆ ಹೋದೆ. ದೂರ ಎಷ್ಟು ಎಂದು ಕೇಳಿದೆ. ಅಲ್ಲಿನ ಚಾರ್ಲ್ಸ್ ನಕ್ಕ.
“ಎಂತ ದೂರ ಟೀಚರ್? ಬೊಂಬಾಯಿಗೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಅಲ್ಲಿಂದ ದುಬೈ ಸಾವಿರದ ಒಂಬೈನೂರು ಕಿಲೋಮೀಟರ್. ವಿಮಾನದಲ್ಲಿ ಮೂರೇ ಗಂಟೆ. ಫಾರ್ಮ್ ತಂದಿದ್ದೀರಾ?”
“ಮನೆಯಲ್ಲಿ ಉಂಟು” ಎಂದೆ.
ಚೀಲದಲ್ಲೇ ಇತ್ತು.

ಏಪ್ರಿಲ್ ೨
ಕುಶಲಾಳಿಗೆ ಬರೆದೆ — ಬೆಂಗಳೂರಿನ ಪಾಸ್‌ಪೋರ್ಟ್ ಆಫೀಸಿನಿಂದ ಇನ್ನೂ ಉತ್ತರವಿಲ್ಲ ಎಂದು. ಸುಳ್ಳು ಬರೆಯುವಾಗಲೂ ನನ್ನ ಅಕ್ಷರ ದುಂಡಗೆ ಬರುತ್ತದೆ. ಫಾರ್ಮ್ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ.

ಸೆಪ್ಟೆಂಬರ್ ೨೧
ಕುಶಲಾ ಬಂದಿದ್ದಾಳೆ. ಹೇಳದೆ, ಒಬ್ಬಳೇ. ಅಂಗಳದಲ್ಲೇ ಎರಡೂ ಕೈ ಚಾಚಿದಳು. ಆಶಾ ನನ್ನ ಸೀರೆಯ ಹಿಂದೆ ಅಡಗಿ, “ದೊಡ್ಡಮ್ಮ, ಇವರು ಯಾರು?”
ಕುಶಲಾ ಚಾಚಿದ ಕೈಯನ್ನು ಹಾಗೇ ತಲೆಗೂದಲಿಗೆ ಒಯ್ದು ಸರಿಮಾಡಿಕೊಂಡಳು.

ಸೆಪ್ಟೆಂಬರ್ ೨೩
ಚಾರ್ಲ್ಸನಲ್ಲಿ ವಿಚಾರಿಸಿ ಬಂದಳು.
“ಅಕ್ಕ, ಅರ್ಜಿಯೇ ಕೊಟ್ಟಿಲ್ಲವಂತಲ್ಲ?”
ಟ್ರಂಕ್ ತೆರೆದು ತೆಗೆದುಕೊಟ್ಟೆ.
“ಬೇಕೆಂದೇ ಮಾಡಿದ್ದಾ?”
“ಹೌದು.”
ಬೈಯಲಿಲ್ಲ. ನೆಲದ ಮೇಲೆ ಕುಳಿತಳು. “ಅಲ್ಲಿ ದಿನಾ ಯಾರ್ಯಾರದೋ ಮಕ್ಕಳನ್ನು ಎತ್ತಿಕೊಳ್ತೇನೆ ಅಕ್ಕ…” ಬೈದಿದ್ದರೆ ಒಳ್ಳೆಯದಿತ್ತು.

ನವೆಂಬರ್ ೮
ಕುಶಲಾ ರಜೆ ಮುಂದುವರಿಸಿ ಕಾದಳು. ಪಾಸ್‌ಪೋರ್ಟ್ ಬಂತು. ಆಶಾ ಒಂದು ತಿಂಗಳಿನಿಂದ ಅವಳ ಪಕ್ಕದಲ್ಲೇ ಮಲಗುತ್ತಾಳೆ, “ಅಮ್ಮ” ಎನ್ನುತ್ತಾಳೆ.
ಬಸ್‌ ಸ್ಟ್ಯಾಂಡಿನಲ್ಲಿ ಕೇಳಿದೆ, “ಬೊಂಬಾಯಿವರೆಗೆ ನಾನೂ ಬರಲಾ?”
“ಬೇಡ ಅಕ್ಕ.”
ಆಶಾ ಕಿಟಕಿಯಿಂದ ಕೂಗಿದಳು, “ದೊಡ್ಡಮ್ಮ, ಬೇಗ ಹತ್ತು. ಬಸ್ ಹೊರಡ್ತದೆ!”
ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ…

ನವೆಂಬರ್ ೧೦
ವಿಮಾನ ಒಂಬತ್ತಕ್ಕೆ. ಮೊದಲ ಪೀರಿಯಡ್ ಮಗ್ಗಿ. ಎರಡನೆಯದು ಕಾಪಿ ಬರವಣಿಗೆ. ಹನ್ನೆರಡಕ್ಕೆ ಬೆಲ್ ಆಯಿತು, ಮಕ್ಕಳು ಊಟಕ್ಕೆ ಓಡಿದರು. ಇಳಿದಿರಬೇಕು.

ಫೆಬ್ರವರಿ ೬, ೧೯೮೨
ಮೂರು ತಿಂಗಳ ಮೇಲೆ ಕಾಗದ. ಆಶಾಳ ಅಕ್ಷರ, ಗೆರೆ ಬಿಟ್ಟು ಕೆಳಗಿಳಿದಿದೆ. ‘ದೊಡ್ಡಮ್ಮ, ವಿಮಾನದಲ್ಲಿ ನನಗೆ ನಿದ್ದೆ ಬಂತು. ಎದ್ದಾಗ ದುಬೈ. ಇಲ್ಲಿ ಅಮ್ಮ ತಲೆ ಬಾಚುತ್ತಾಳೆ. ಈಗ ನಾನು ಅಳುವುದಿಲ್ಲ.’
ಒಳ್ಳೆಯದಾಯಿತು. ನಾಲ್ಕು ಸಲ ಓದಿದೆ.
ಕುಶಲಾ ಒಂದು ಸಾಲೂ ಬರೆದಿಲ್ಲ. ಆದರೆ ಕವರಿನ ಮೇಲಿನ ವಿಳಾಸ ಅವಳ ಕೈಬರಹ. ನನ್ನ ಹೆಸರಿನ ಮುಂದೆ, ಮೊದಲಿನ ಹಾಗೆಯೇ, ‘ಪ್ರೀತಿಯ ಅಕ್ಕ’ ಎಂದು ಬರೆದು, ಆಮೇಲೆ ಹೊಡೆದುಹಾಕಿದ್ದಾಳೆ. ಹೊಡೆದರೂ ಓದಲು ಬರುತ್ತದೆ.
ಉತ್ತರಕ್ಕೆ ಕುಳಿತಿದ್ದೇನೆ. ಮೊದಲು ಅವಳಿಗೆ, ಆಮೇಲೆ ಮಗುವಿಗೆ. ‘ಕುಶಲಾ, ನಾನು ಮಾಡಿದ್ದು’ — ಅಲ್ಲಿಂದ ಮುಂದೆ ಅಕ್ಷರ ದುಂಡಗೆ ಬರುತ್ತಿಲ್ಲ.